ತಲೆಗೊಂದು ಡಾಲರ್

ಕೆನಡಾದ ಪೂರ್ವ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಪೋರ್ಟ್ ಓ ಬಾಸ್ಕ್ ಎಂಬ ಬಂದರಿನ ಊರಿದೆ. 1980ರಲ್ಲಿ ಅಲ್ಲಿದ್ದದ್ದು ಸುಮಾರು 10,000 ಜನ. ಆ ವರ್ಷದ ಮೇ ತಿಂಗಳಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು ಒಂಟಿ ಕಾಲಿನಲ್ಲಿ ದೇಶ ದಾಟಲು ಹೊರಟಿದ್ದ 21ರ ಹುಡುಗನೊಬ್ಬ ಅಲ್ಲಿಗೆ ಬಂದ. ಊರವರು ಅವನಿಗೆ 10,000 ಡಾಲರಿಗೂ ಮಿಕ್ಕಿದ ಹಣ ಒಪ್ಪಿಸಿದರು. ಅಂದರೆ ತಲೆಗೊಂದು ಡಾಲರ್. ಆ ಲೆಕ್ಕ ಹುಡುಗನ ಮನಸ್ಸಿನಲ್ಲಿ ನಾಟಿತು. ಕೆನಡಾದ ಅಂದಿನ ಜನಸಂಖ್ಯೆ ಸುಮಾರು 2.4 ಕೋಟಿ. ಒಬ್ಬೊಬ್ಬರೂ ಒಂದೊಂದೇ ಡಾಲರ್ ಕೊಟ್ಟರೆ ಸಾಕಲ್ಲ! ಮೊದಲು 10 ಲಕ್ಷ ಡಾಲರ್ ಸೇರಿದರೆ ಸಾಕೆಂದುಕೊಂಡಿದ್ದವನು ಗುರಿಯನ್ನು 2.4 ಕೋಟಿಗೆ ಏರಿಸಿಕೊಂಡ. ಗುರಿ ಏರಿತು, ಕೇಳುವ ಮೊತ್ತ ಮಾತ್ರ ಯಾರ ಕೈಗೂ ಎಟುಕುವಷ್ಟು ಕೆಳಕ್ಕೆ ಇಳಿಯಿತು.

ಹುಡುಗನ ಹೆಸರು ಟೆರಿ ಫಾಕ್ಸ್. ಅವನ ಓಟದ ಕಥೆ ಜಗತ್ತಿಗೆ ಗೊತ್ತಿದೆ. ಆ ಓಟವನ್ನು ಹಣವಾಗಿಸಿದವರ, ಅವನು ಸತ್ತ ಮೇಲೂ ವರ್ಷವರ್ಷ ಅದನ್ನು ನಡೆಸಿಕೊಂಡು ಬಂದವರ ಕಸುಬಿನ ಬಗ್ಗೆ ಅಷ್ಟಾಗಿ ಯಾರೂ ಮಾತಾಡುವುದಿಲ್ಲ. ಸಂಬಳವಿಲ್ಲದ ಕೆಲಸವಾದ್ದರಿಂದ ಅದನ್ನು ಒಳ್ಳೆಯತನದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತೇವೆ. ಆದರೆ ಒಳ್ಳೆಯತನದಿಂದಷ್ಟೇ ಹಣ ಹುಟ್ಟುವುದಿಲ್ಲ. ಸಂಕೋಚ ಬಿಟ್ಟು ನೂರು ಜನರ ಮುಂದೆ ಕೈಯೊಡ್ಡಬಲ್ಲವನು ಒಳ್ಳೆಯ ಸ್ವಯಂಸೇವಕ. ಹತ್ತು ಜನ ಸಂಕೋಚ ಬಿಟ್ಟು ತಲಾ ಹತ್ತು ಜನರನ್ನು ಕೇಳುವಂತೆ ಮಾಡಬಲ್ಲವನು ಮುಂದಾಳು. ಎರಡರಲ್ಲೂ ಸೇರುವ ಹಣ ಒಂದೇ ಇರಬಹುದು. ಮರುವರ್ಷ ಮೊದಲನೆಯವನ ಕಾಲು ನೋಯುತ್ತಿರುತ್ತದೆ, ಎರಡನೆಯವನ ಬಳಿ ಹತ್ತು ಜನ ತಯಾರಾಗಿರುತ್ತಾರೆ.

ಕಾರಣ ಮೊದಲು, ಕಣ್ಣೀರು ಆಮೇಲೆ

1977ರ ಮಾರ್ಚ್‌ನಲ್ಲಿ ಟೆರಿಗೆ ಮೂಳೆಯ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಹದಿನೆಂಟು ವರ್ಷದ ಹುಡುಗನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿ ತೆಗೆಯಬೇಕಾಯಿತು. ಬದುಕುವ ಸಾಧ್ಯತೆ ಶೇ 50 ಎಂದು ವೈದ್ಯರು ಹೇಳಿದರು. ಕೇವಲ ಎರಡು ವರ್ಷ ಮೊದಲಾಗಿದ್ದರೆ ಅದು ಶೇ 15 ಇರುತ್ತಿತ್ತು ಎಂಬುದೂ ಅವನಿಗೆ ತಿಳಿಯಿತು. ನಡುವಿನ ಎರಡು ವರ್ಷಗಳಲ್ಲಿ ಪವಾಡವೇನೂ ನಡೆದಿರಲಿಲ್ಲ, ಸಂಶೋಧನೆ ಮುಂದೆ ಸಾಗಿತ್ತು. ಕೀಮೋಥೆರಪಿ ಪಡೆಯುತ್ತ ವಾರ್ಡಿನಲ್ಲಿ ಕಳೆದ ತಿಂಗಳುಗಳಲ್ಲಿ ಅಕ್ಕಪಕ್ಕದ ಮಂಚದವರ ಪಾಡನ್ನೂ ಕಂಡ. ಜನರ ಮುಂದೆ ನಿಲ್ಲುವಾಗ ಅವನ ಬಳಿ ಇದ್ದ ಬಂಡವಾಳ ಇಷ್ಟೇ: ಸಂಶೋಧನೆಗೆ ಹಣ ಬಂದರೆ 15 ಎಂಬುದು 50 ಆಗುತ್ತದೆ, 50 ಎಂಬುದು ಇನ್ನೂ ಮೇಲೇರಬಹುದು.

ಚಂದಾ ಎತ್ತುವವರು ಕಲಿಯಬೇಕಾದ ಮೊದಲ ಪಾಠ ಇಲ್ಲಿದೆ. ಬಾಗಿಲು ತೆರೆದವರು ಹೊಸ್ತಿಲ ಮೇಲೇ ಕೇಳುವ ಪ್ರಶ್ನೆ, 'ಈ ದುಡ್ಡು ಏನಾಗುತ್ತದೆ?' ಒಂದೇ ಉಸಿರಿನಲ್ಲಿ ಅದಕ್ಕೆ ಉತ್ತರ ಹೇಳಲಾಗದಿದ್ದರೆ ಉಳಿದ ಮಾತೆಲ್ಲ ವ್ಯರ್ಥ. ನುರಿತ ಮುಂದಾಳು ತನ್ನ ತಂಡದವರಿಗೆ ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿಯೇ ಬೀದಿಗೆ ಕಳಿಸುತ್ತಾನೆ. ರೋಗಿಯ ನೋವನ್ನು ವರ್ಣಿಸಿ ಕರುಳು ಹಿಂಡಿದರೆ ಒಂದು ನೋಟು ಬೀಳಬಹುದು. ಮುಂದಿನ ಸಲ ಅದೇ ಮನೆಯವರು ಕಿಟಕಿಯಿಂದ ಕಂಡು ಬಾಗಿಲು ತೆರೆಯದಿರಲೂಬಹುದು. ಮನವರಿಕೆಯಾಗಿ ಕೊಟ್ಟವರಿಗೆ ಮುಂದಿನ ವರ್ಷವೂ ಆ ಕಾರಣ ನೆನಪಿರುತ್ತದೆ.

ಓಟಕ್ಕೆ ಮುಂಚೆಯೇ ಟೆರಿ ಈ ಕೆಲಸದಲ್ಲಿ ಪಳಗಿದ್ದ. 1979ರ ಅಕ್ಟೋಬರ್‌ನಲ್ಲಿ ಕೆನಡಿಯನ್ ಕ್ಯಾನ್ಸರ್ ಸೊಸೈಟಿಗೆ ಪತ್ರ ಬರೆದು ತನ್ನ ಯೋಜನೆಯನ್ನು ವಿವರಿಸಿದ. ಸೊಸೈಟಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಹೃದಯ ತಜ್ಞರಿಂದ ಪ್ರಮಾಣಪತ್ರ ತಾ, ಪ್ರಾಯೋಜಕರನ್ನು ನೀನೇ ಹುಡುಕಿಕೋ ಎಂದಿತು. ಅವನು ಕಂಪನಿಗಳಿಗೆ ಬರೆದ. ಫೋರ್ಡ್ ಒಂದು ವ್ಯಾನ್ ಕೊಟ್ಟಿತು, ಇಂಪೀರಿಯಲ್ ಆಯಿಲ್ ಇಂಧನ ಒದಗಿಸಿತು, ಅಡಿಡಾಸ್ ಬೂಟು ಕೊಟ್ಟಿತು. ನಮ್ಮ ಸರಕನ್ನು ಹೊಗಳಬೇಕು ಎಂದು ಷರತ್ತು ಹಾಕಿದ ಕಂಪನಿಗಳಿಗೆಲ್ಲ ಬೇಡ ಎಂದ. ಬೇಡುವಾಗಲೂ ಬೇಡ ಎನ್ನಬಲ್ಲ ಈ ಗಟ್ಟಿತನ ಮುಂದೆ ಇಡೀ ಆಂದೋಲನದ ಬೆನ್ನೆಲುಬಾಯಿತು.

ಅದೇ ಕಾಲು, ಅದೇ ರಸ್ತೆ

1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ನಗರದ ಕಡಲಂಚಿನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿಗೆ ಅದ್ದಿ ಟೆರಿ ಹೊರಟ. ದಿನಕ್ಕೆ ಸುಮಾರು 42 ಕಿಲೋಮೀಟರ್, ಅಂದರೆ ದಿನಕ್ಕೊಂದು ಮ್ಯಾರಥಾನ್. ಗೆಳೆಯ ಡಗ್ ಆಲ್ವರ್ಡ್ ವ್ಯಾನನ್ನು ಒಂದೊಂದು ಮೈಲಿ ಮುಂದಕ್ಕೆ ಒಯ್ದು ಕಾಯುತ್ತಿದ್ದ. ನೀರು, ಊಟ, ಮಲಗುವ ಜಾಗ, ದಾರಿಹೋಕರು ಕೊಟ್ಟ ಹಣ ಎಲ್ಲವೂ ಆ ವ್ಯಾನಿನಲ್ಲಿ. ಎರಡು ತಿಂಗಳಿಗೂ ಹೆಚ್ಚು ಕಾಲ ಓಡಿ, ಹಾದಿಯ ಮೂರನೆಯ ಒಂದು ಭಾಗ ಮುಗಿಸಿ ಜೂನ್ 22ರಂದು ಮಾಂಟ್ರಿಯಲ್ ತಲುಪಿದಾಗ ಕೂಡಿದ್ದ ಹಣ 2 ಲಕ್ಷ ಡಾಲರ್ ಚಿಲ್ಲರೆ. ಫ್ರೆಂಚ್ ಭಾಷಿಕರ ಕ್ವಿಬೆಕ್ ಪ್ರಾಂತ್ಯದಲ್ಲಂತೂ ಅವನು ಯಾರು, ಯಾಕೆ ಓಡುತ್ತಿದ್ದಾನೆ ಎಂಬುದೇ ಹೆಚ್ಚಿನವರಿಗೆ ತಿಳಿಯಲಿಲ್ಲ. ವಾಹನಗಳ ಭರಾಟೆಗೆ ರಸ್ತೆಯ ಅಂಚಿಗೆ ಸರಿದು ಓಡಬೇಕಾಯಿತು. ಹುಡುಗನ ಉತ್ಸಾಹ ಕುಗ್ಗಿತು.

ಇಲ್ಲಿ ಇಬ್ಬರು ಬಂದರು. ಒಬ್ಬರು ಫೋರ್ ಸೀಸನ್ಸ್ ಹೋಟೆಲುಗಳ ಸ್ಥಾಪಕ ಇಸಡೋರ್ ಶಾರ್ಪ್. ಎರಡು ವರ್ಷದ ಹಿಂದಷ್ಟೇ ಹದಿಹರೆಯದ ಮಗನನ್ನು ಚರ್ಮದ ಕ್ಯಾನ್ಸರ್‌ಗೆ ಕಳೆದುಕೊಂಡಿದ್ದವರು. ತಮ್ಮ ಹೋಟೆಲಿನಲ್ಲಿ ಟೆರಿಗೆ ಊಟ, ವಸತಿ ಕೊಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಓಡುವ ಪ್ರತಿ ಮೈಲಿಗೆ 2 ಡಾಲರ್ ಕೊಡುವೆನೆಂದು ಹೇಳಿ, ಇನ್ನೂ ಸಾವಿರದಷ್ಟು ಕಂಪನಿಗಳನ್ನು ಅದೇ ಮಾತಿಗೆ ಒಪ್ಪಿಸಲು ಹೊರಟರು. ಒಮ್ಮೆಗೇ ದೊಡ್ಡ ಚೆಕ್ ಬರೆದು ಕೈತೊಳೆದುಕೊಳ್ಳುವ ಶಕ್ತಿ ಅವರಿಗಿತ್ತು. ಆದರೆ ಉಳಿದವರು ಹಿಂಬಾಲಿಸಬಲ್ಲ ಅಳತೆಯೊಂದನ್ನು ಹಾಕಿಕೊಟ್ಟರು. ಎದೆಗುಂದಿದ್ದ ಟೆರಿ ಮತ್ತೆ ರಸ್ತೆಗಿಳಿಯಲು ಅದು ಕಾರಣವಾಯಿತು.

ಇನ್ನೊಬ್ಬರು ಕ್ಯಾನ್ಸರ್ ಸೊಸೈಟಿಯ ಒಂಟಾರಿಯೊ ಶಾಖೆಯ ಬಿಲ್ ವಿಗರ್ಸ್. ಜುಲೈ 1 ಕೆನಡಾದ ರಾಷ್ಟ್ರೀಯ ದಿನ. ಆ ಹೊತ್ತಿಗೆ ರಾಜಧಾನಿ ಒಟ್ಟಾವ ತಲುಪಿದರೆ ಇಡೀ ದೇಶದ ಕಣ್ಣು ಬೀಳುತ್ತದೆ ಎಂದು ಸೊಸೈಟಿಯವರು ಟೆರಿಯನ್ನು ಮಾಂಟ್ರಿಯಲ್‌ನಲ್ಲಿ ಕೆಲವು ದಿನ ತಡೆದು ನಿಲ್ಲಿಸಿದರು. ದಿನಕ್ಕೊಂದು ಮ್ಯಾರಥಾನ್ ಓಡುವವನಿಗೆ ಸುಮ್ಮನೆ ಕೂರುವುದು ಸುಲಭವೇ? ಅವನು ಒಪ್ಪಿದ. ಜೂನ್ ಕೊನೆಯ ಶನಿವಾರ ಒಂಟಾರಿಯೊ ಗಡಿಯ ಹಾಕ್ಸ್‌ಬರಿ ಊರಿಗೆ ಕಾಲಿಟ್ಟಾಗ ಬ್ಯಾಂಡ್ ಮೊಳಗುತ್ತಿತ್ತು, ಸಾವಿರಾರು ಜನ ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಅಲ್ಲಿಂದ ಮುಂದೆ ಪ್ರಾಂತ್ಯದುದ್ದಕ್ಕೂ ಪೊಲೀಸ್ ಬೆಂಗಾವಲು. ಜುಲೈ 11ರಂದು ಟೊರಾಂಟೊದ ನೇಥನ್ ಫಿಲಿಪ್ಸ್ ಚೌಕದಲ್ಲಿ 10,000 ಜನ ಸೇರಿದರು. ಆ ಒಂದೇ ದಿನ ಸುಮಾರು 1 ಲಕ್ಷ ಡಾಲರ್ ಕೂಡಿತೆಂದು ಸೊಸೈಟಿ ಅಂದಾಜು ಮಾಡಿತು.

ಎರಡು ತಿಂಗಳಲ್ಲಿ 2 ಲಕ್ಷ ತಂದ ಕಾಲೇ ಒಂದು ದಿನಕ್ಕೆ 1 ಲಕ್ಷ ತಂದಿತು. ಓಟಗಾರ ಬದಲಾಗಲಿಲ್ಲ, ಅವನ ಮಾತೂ ಬದಲಾಗಲಿಲ್ಲ. ಅವನು ಬರುವ ಮೊದಲೇ ಊರೂರಿಗೆ ಹೋಗಿ ಮೇಯರನ್ನು ಕಂಡು, ರೇಡಿಯೋದವರಿಗೆ ಹೇಳಿ, ಶಾಲೆಗಳಿಗೆ ತಿಳಿಸಿ, ಡಬ್ಬಿ ಹಿಡಿಯುವವರನ್ನು ಮೂಲೆಮೂಲೆಗೆ ನಿಲ್ಲಿಸಿದ ಕೈಗಳು ಹೆಚ್ಚಾದವು. ಉದಾರಿಗಳು ಕ್ವಿಬೆಕ್‌ನಲ್ಲೂ ಇದ್ದೇ ಇದ್ದರು. ಅವರ ಭಾಷೆಯಲ್ಲಿ ಮುಂಚಿತವಾಗಿ ಹೋಗಿ ಹೇಳುವವರ ಕೊರತೆಯಿತ್ತು.

760 ಊರು, 760 ಮುಂದಾಳು

143 ದಿನ, 5,373 ಕಿಲೋಮೀಟರ್ ಓಡಿದ ಮೇಲೆ, ಸೆಪ್ಟೆಂಬರ್ 1ರಂದು ಥಂಡರ್ ಬೇ ನಗರದ ಹೊರಗೆ ಟೆರಿ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಸಿಟಿವಿ ವಾಹಿನಿ ಕೆಲವೇ ದಿನಗಳಲ್ಲಿ ಹಣ ಕೂಡಿಸುವ ಟಿವಿ ಕಾರ್ಯಕ್ರಮ, ಅಂದರೆ ಟೆಲಿಥಾನ್, ಏರ್ಪಡಿಸಿ 1 ಕೋಟಿ 5 ಲಕ್ಷ ಡಾಲರ್ ಕೂಡಿಸಿತು. 1981ರ ಫೆಬ್ರುವರಿ 1ರ ಹೊತ್ತಿಗೆ ನಿಧಿ 2 ಕೋಟಿ 41 ಲಕ್ಷ ಡಾಲರ್ ದಾಟಿತ್ತು. ತಲೆಗೊಂದು ಡಾಲರ್ ಕೂಡಿಬಂದಿತ್ತು. ಅದೇ ವರ್ಷದ ಜೂನ್ 28ರಂದು ಟೆರಿ ತೀರಿಕೊಂಡ. ಇನ್ನೊಂದು ತಿಂಗಳು ಕಳೆದಿದ್ದರೆ 23 ತುಂಬುತ್ತಿತ್ತು.

ಅವನು ಆಸ್ಪತ್ರೆ ಸೇರಿದ ಬೆನ್ನಿಗೇ ಇಸಡೋರ್ ಶಾರ್ಪ್ ತಂತಿ ಕಳಿಸಿ, ಅವನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಓಟ ನಡೆಸುವ ಯೋಚನೆ ಮುಂದಿಟ್ಟಿದ್ದರು. ಟೆರಿ ಒಪ್ಪಿಕೊಂಡಿದ್ದ. ಮೊದಲ ಟೆರಿ ಫಾಕ್ಸ್ ಓಟ 1981ರ ಸೆಪ್ಟೆಂಬರ್ 13ರಂದು 760ಕ್ಕೂ ಹೆಚ್ಚು ಕಡೆ ನಡೆಯಿತು. 3 ಲಕ್ಷ ಜನ ಪಾಲ್ಗೊಂಡರು, 35 ಲಕ್ಷ ಡಾಲರ್ ಸೇರಿತು. ಈ ಅಂಕಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 760. ಅಷ್ಟು ಜಾಗಗಳಲ್ಲಿ ಓಟ ನಡೆಯಬೇಕೆಂದರೆ 'ನಮ್ಮೂರಿನದು ನಾನು ನೋಡಿಕೊಳ್ಳುತ್ತೇನೆ' ಎಂದವರು ಕಡಿಮೆಯೆಂದರೂ 760 ಜನ ಇರಲೇಬೇಕು.

ನಿಯಮಗಳು ಸರಳ. ಪೈಪೋಟಿ ಇಲ್ಲ, ಗೆದ್ದವರಿಲ್ಲ, ಪದಕವಿಲ್ಲ. ಓಡಬಹುದು, ನಡೆಯಬಹುದು, ಸೈಕಲ್ ತುಳಿಯಬಹುದು, ಗಾಲಿಕುರ್ಚಿಯಲ್ಲೂ ಬರಬಹುದು. ಇಷ್ಟೇ ಕೊಡಬೇಕೆಂಬ ಕಟ್ಟಳೆಯಿಲ್ಲ. ಓಟದ ಹೆಸರಿಗೆ ಯಾವ ಕಂಪನಿಯ ಹೆಸರೂ ಅಂಟಿಕೊಳ್ಳುವುದಿಲ್ಲ. ಮಗನ ಈ ಷರತ್ತುಗಳನ್ನು ತಾಯಿ ಬೆಟ್ಟಿ ಫಾಕ್ಸ್ 2011ರಲ್ಲಿ ತಾವು ಕಣ್ಣು ಮುಚ್ಚುವವರೆಗೂ ಕಾದರು. ಲೋಗೋ ಒಂದಕ್ಕೆ ಜಾಗ ಕೊಟ್ಟರೆ ಸುಲಭವಾಗಿ ಬರಬಹುದಾದ ಹಣವನ್ನು ಬಿಟ್ಟುಕೊಡುವುದು ಮೇಲುನೋಟಕ್ಕೆ ಮೂರ್ಖತನ. ಆದರೆ ಫಲಕದಲ್ಲಿ ದೊಡ್ಡವರ ಹೆಸರು ಕಂಡೊಡನೆ ಸಣ್ಣವರ ಕೈ ಜೇಬಿನಿಂದ ಹಿಂದೆ ಬರುತ್ತದೆ. 'ಅವರಿದ್ದಾರಲ್ಲ, ನನ್ನ ಐದು ಡಾಲರ್ ಯಾಕೆ' ಎನ್ನಿಸುತ್ತದೆ. ಫಲಕ ಖಾಲಿ ಇದ್ದರೆ ಓಟ ಎಲ್ಲರದ್ದೂ ಆಗುತ್ತದೆ. ಹೀಗೆ ಸಣ್ಣ ಸಣ್ಣ ಕೈಗಳಿಂದ ಬಂದ ಹಣ ಈವರೆಗೆ 85 ಕೋಟಿ ಡಾಲರ್ ದಾಟಿದೆ.

ಹಾಳೆಯ ಮೊದಲ ಸಾಲು

ಹಾಗಾದರೆ ಒಂದು ಊರಿನ ಮುಂದಾಳು ಮಾಡುವುದೇನು? ಓಟ ಸೆಪ್ಟೆಂಬರ್‌ನಲ್ಲಿ. ಅವರ ಕೆಲಸ ಶುರುವಾಗುವುದು ತಿಂಗಳುಗಟ್ಟಲೆ ಮೊದಲು. ದಾರಿ ಗೊತ್ತುಮಾಡಬೇಕು, ನಗರಸಭೆಯ ಅನುಮತಿ ಬೇಕು, ಪೊಲೀಸರಿಗೆ ಹೇಳಬೇಕು, ಪ್ರಥಮ ಚಿಕಿತ್ಸೆಯವರನ್ನು ಒಪ್ಪಿಸಬೇಕು. ಇದೆಲ್ಲ ಯಾವ ಜಾತ್ರೆಯ ಸಮಿತಿಯೂ ಮಾಡುವಂಥದ್ದೇ, ಬೇಗ ದಾಟಿ ಮುಂದೆ ಹೋಗೋಣ. ಕುಶಲತೆ ಕಾಣುವುದು ಮನುಷ್ಯರನ್ನು ಹೊಂದಿಸುವಲ್ಲಿ.

ಸಹಾಯಕ್ಕೆ ಬರುತ್ತೇನೆಂದು ಹೇಳುವವರು ಬೇಕಾದಷ್ಟು. 'ಏನಾದರೂ ಇದ್ದರೆ ಹೇಳಿ' ಎಂದು ಹೋದವರು ಮತ್ತೆ ಕಾಣುವುದಿಲ್ಲ. ತಪ್ಪು ಅವರದಲ್ಲ, ಅವರಿಗೆ ಕೆಲಸದ ಅಳತೆ ತಿಳಿದಿಲ್ಲ ಅಷ್ಟೇ. ಪಳಗಿದ ಮುಂದಾಳು ಕೆಲಸವನ್ನು ತುಂಡು ಮಾಡಿ ಕೊಡುತ್ತಾರೆ: ಭಾನುವಾರ ಎಂಟರಿಂದ ಹತ್ತರವರೆಗೆ ಎರಡನೇ ತಿರುವಿನಲ್ಲಿ ನಿಂತು ದಾರಿ ತೋರಿಸುವುದು. ಎಲ್ಲಿ, ಎಷ್ಟು ಹೊತ್ತು, ಮುಗಿದ ಮೇಲೆ ಯಾರಿಗೆ ಹೇಳಿ ಹೊರಡಬೇಕು, ಎಲ್ಲ ಸ್ಪಷ್ಟ. ಎರಡು ಗಂಟೆ ನಿಂತು ಹೋದವರು ಮರುವರ್ಷ ಒಂದು ಮೇಜನ್ನು ವಹಿಸಿಕೊಳ್ಳುತ್ತಾರೆ, ಅದರ ಮರುವರ್ಷ ಒಂದು ತಂಡವನ್ನು.

ಇನ್ನು ಈ ಕಸುಬಿನ ಮುಖ್ಯ ಉಪಕರಣ ಒಂದು ಸಾದಾ ಹಾಳೆ. ಕೊಡುತ್ತೇನೆಂದು ಮಾತು ಕೊಟ್ಟವರ ಹೆಸರು, ವಿಳಾಸ, ಮೊತ್ತ, ಹಣ ಬಂತೇ ಎಂಬ ಗುರುತು. ಈಗ ಇದೆಲ್ಲ ಮೊಬೈಲಿಗೆ ಬಂದಿದ್ದರೂ ಒಳಗಿನ ನಡೆ ಬದಲಾಗಿಲ್ಲ. ಹಾಳೆಯ ಮೊದಲ ಸಾಲು ಖಾಲಿ ಇದ್ದಾಗ ಅದನ್ನು ಯಾರ ಮುಂದೂ ಹಿಡಿಯಬಾರದು. ನಮ್ಮ ಗಣೇಶೋತ್ಸವದ ಚಂದಾ ಪಟ್ಟಿಯಂತೆಯೇ ಇಲ್ಲೂ ಮೊದಲ ಹೆಸರಿನ ಎದುರಿನ ಮೊತ್ತವೇ ಉಳಿದವರ ಮೊತ್ತವನ್ನು ತೀರ್ಮಾನಿಸುತ್ತದೆ. ಅಲ್ಲಿ ಐದು ಎಂದಿದ್ದರೆ ಕೆಳಗಿನ ಹದಿನೈದು ಸಾಲೂ ಐದರ ಸುತ್ತ ಸುತ್ತುತ್ತವೆ, ಐವತ್ತು ಎಂದಿದ್ದರೆ ಇಪ್ಪತ್ತು ಬರೆಯುವವರಿಗೂ ಕೊಂಚ ಯೋಚನೆಯಾಗುತ್ತದೆ. ಹಾಗೆಂದು ಮೊದಲ ಸಾಲಿನಲ್ಲಿ ಐನೂರು ಬರೆಸಿದರೆ ಪೆನ್ನು ಹಿಡಿದವರು ಪೆನ್ನು ಕೆಳಗಿಡುತ್ತಾರೆ. ತನ್ನ ಬೀದಿಯ ಶಕ್ತಿಗೆ ತಕ್ಕ ಮೊದಲ ಸಾಲು ಯಾವುದು, ಅದನ್ನು ಯಾರಿಂದ ಬರೆಸಬೇಕು ಎಂದು ಬಲ್ಲವರು ಅರ್ಧ ಕೆಲಸ ಮುಗಿಸಿದಂತೆ. ಆ ಮೊದಲ ಸಾಲು ಬಹಳ ಸಲ ಮುಂದಾಳಿನದೇ ಆಗಿರುತ್ತದೆ. ತಾನು ಕೊಡದೆ ಕೇಳುವವರ ಮಾತು ತೂಗುವುದಿಲ್ಲ.

ಕೇಳುವುದಕ್ಕೂ ಒಂದು ಕ್ರಮವಿದೆ. ಮೊತ್ತ ಹೇಳಿ ಕೇಳಬೇಕು, ಹೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕು. ಹೊಸಬರು ಎಡವುವುದು ಇಲ್ಲೇ. 'ಇಪ್ಪತ್ತು ಡಾಲರ್ ಕೊಡಬಹುದೇ' ಎಂದವರು ಎದುರಿನವರ ಮೌನ ತಾಳಲಾರದೆ 'ಆಗದಿದ್ದರೂ ಪರವಾಗಿಲ್ಲ' ಎಂದು ಸೇರಿಸಿಬಿಡುತ್ತಾರೆ. ಆ ಮೌನದಲ್ಲಿ ಎದುರಿನವರು ತಮ್ಮ ಖರ್ಚು ಲೆಕ್ಕ ಹಾಕುತ್ತಿರುತ್ತಾರೆ, ಕೆಲವೊಮ್ಮೆ ತಮ್ಮ ಮನೆಯಲ್ಲಿ ಇದೇ ಕಾಯಿಲೆಗೆ ತುತ್ತಾದವರನ್ನು ನೆನೆಯುತ್ತಿರುತ್ತಾರೆ. ಅಡ್ಡಿಪಡಿಸಬಾರದು. ಇಲ್ಲ ಎಂದರೂ ಅದೇ ಮುಖದಲ್ಲಿ ನಮಸ್ಕಾರ ಹೇಳಿ ಬರಬೇಕು. ಈ ವರ್ಷದ 'ಇಲ್ಲ' ಮುಂದಿನ ವರ್ಷವೂ 'ಇಲ್ಲ'ವೇ ಆಗಿರಬೇಕೆಂದಿಲ್ಲ.

ಓಟದ ದಿನ ಸಂಜೆ ಹಣ ಎಣಿಸುವ ಮೇಜು. ಒಬ್ಬರೇ ಎಂದೂ ಎಣಿಸಬಾರದು. ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ಚೀಟಿಯಲ್ಲಿ ಬರೆದು, ಎರಡೂ ತಾಳೆಯಾದ ಮೇಲೆ ಸಹಿ ಹಾಕಿ, ಚೀಲಕ್ಕೆ ಮುದ್ರೆ ಒತ್ತಬೇಕು. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ನಾಳೆ ಹತ್ತು ಡಾಲರ್ ಹೆಚ್ಚುಕಡಿಮೆ ಬಂದರೆ ಎಣಿಸಿದವರ ಮಾನ ಕಾಯುವುದು ಆ ಎರಡನೇ ಸಹಿ. ಹಣದ ಜೊತೆ ಬರುವ ಮಾತು ಹಣಕ್ಕಿಂತ ಬೇಗ ಓಡುತ್ತದೆಂದು ತಿಳಿದವರು ಮಾಡಿದ ಕಟ್ಟುನಿಟ್ಟು. ನಮ್ಮಲ್ಲೂ ರಸೀದಿಯ ಮಹತ್ವ ಬಲ್ಲ ಸಂಸ್ಥೆಗಳು ಕೊಡುಗೆದಾರರಿಗೆ ಆದಾಯ ತೆರಿಗೆ ರಿಯಾಯಿತಿ ಇದೆಯೇ ಎಂಬುದನ್ನು ಮೊದಲೇ ಹೇಳುತ್ತವೆ. ನಗದಿನಲ್ಲಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಆ ರಿಯಾಯಿತಿ ಸಿಗದು ಎಂದೂ ಎಚ್ಚರಿಸುತ್ತವೆ.

ದುಃಖಕ್ಕೊಂದು ಕೆಲಸ

ಬೇರೆ ಚಂದಾ ಕೆಲಸಗಳಿಗೂ ಕ್ಯಾನ್ಸರ್ ನಿಧಿಗೂ ಇರುವ ವ್ಯತ್ಯಾಸ ಸ್ವಯಂಸೇವಕರ ಮುಖದಲ್ಲೇ ಕಾಣುತ್ತದೆ. ಬಹಳಷ್ಟು ಮಂದಿ ಯಾರನ್ನೋ ಕಳೆದುಕೊಂಡು ಬಂದವರು, ಇಲ್ಲವೇ ತಾವೇ ಚಿಕಿತ್ಸೆ ಮುಗಿಸಿ ಬಂದವರು. ಟೆರಿ ಫಾಕ್ಸ್ ಓಟದಲ್ಲಿ ಕಾಯಿಲೆ ಗೆದ್ದವರು ಕೆಂಪು ಅಂಗಿ ತೊಟ್ಟು 'ಟೆರಿಯ ತಂಡ'ವಾಗಿ ಹೆಜ್ಜೆ ಹಾಕುತ್ತಾರೆ. ಉಳಿದವರು ಯಾರಿಗಾಗಿ ಓಡುತ್ತಿದ್ದೇವೆಂಬುದನ್ನು ಬರೆದು ಅಂಗಿಗೆ ಅಂಟಿಸಿಕೊಳ್ಳುತ್ತಾರೆ. ಮುಂದಾಳಿಗೆ ಇಲ್ಲಿ ಬೇಕಾದ ಸೂಕ್ಷ್ಮ ಯಾವ ಕೈಪಿಡಿಯಲ್ಲೂ ಸಿಗದು. ಮೊನ್ನೆ ಮೊನ್ನೆ ಗಂಡನನ್ನು ಕಳೆದುಕೊಂಡಾಕೆಯ ಕೈಗೆ ಮೈಕ್ ಕೊಟ್ಟರೆ ಸಭೆ ಕರಗಬಹುದು, ಆಕೆ ಕುಸಿಯಬಹುದು. ಆಕೆಗೆ ನೋಂದಣಿ ಮೇಜಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಕೊಟ್ಟು, ಪಕ್ಕದಲ್ಲಿ ಮಾತುಗಾರರೊಬ್ಬರನ್ನು ಕೂರಿಸಿದರೆ ಬೆಳಗು ಹಗುರವಾಗಿ ಕಳೆಯುತ್ತದೆ. ಮೈಕ್ ಬೇಕೆಂದು ಎರಡು ವರ್ಷದ ಮೇಲೆ ಆಕೆಯೇ ಕೇಳಿದರೆ ಆಗ ಕೊಡಬಹುದು.

ಕೆಲಸವನ್ನು ಹಂಚಿಕೊಡುವ ಜಾಣ್ಮೆ ಟೆರಿಯ ಓಟಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಟಕೋಮಾ ನಗರದ ಶಸ್ತ್ರಚಿಕಿತ್ಸಕ ಗೋರ್ಡಿ ಕ್ಲಾಟ್ 1985ರ ಮೇ ತಿಂಗಳಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಗಾಗಿ ಕ್ರೀಡಾಂಗಣವೊಂದನ್ನು 24 ಗಂಟೆ ಸುತ್ತಿದರು. 25 ಡಾಲರ್ ಕೊಟ್ಟವರಿಗೆ ಅರ್ಧ ಗಂಟೆ ಅವರ ಜೊತೆ ಓಡುವ ಅಥವಾ ನಡೆಯುವ ಅವಕಾಶ. ಒಟ್ಟು 27,000 ಡಾಲರ್ ಕೂಡಿತು. ಮರುವರ್ಷದಿಂದ ಅವರು ಓಟವನ್ನು ತಂಡಗಳಿಗೆ ಹಂಚಿಬಿಟ್ಟರು. ಒಬ್ಬರು ಸುತ್ತುವಾಗ ಉಳಿದವರು ವಿಶ್ರಮಿಸಲಿ, ರಾತ್ರಿಯಿಡೀ ಯಾರಾದರೊಬ್ಬರ ಹೆಜ್ಜೆ ಸಾಗುತ್ತಿರಲಿ ಎಂದು. ಅದೇ ಇಂದು ಹಲವು ದೇಶಗಳಿಗೆ ಹಬ್ಬಿರುವ 'ರಿಲೇ ಫಾರ್ ಲೈಫ್'. ಕ್ಲಾಟ್‌ರ ಜಾಣ್ಮೆ 24 ಗಂಟೆ ಓಡಿದ್ದರಲ್ಲಿ ಅರ್ಧ ಮಾತ್ರ. ಎರಡನೇ ವರ್ಷ ತಾವೊಬ್ಬರೇ ಓಡದೆ ಇದ್ದದ್ದು ಉಳಿದ ಅರ್ಧ.

ನಮ್ಮ ನೆರೆಯಲ್ಲೇ ಇದಕ್ಕಿಂತ ಹಳೆಯ ಉದಾಹರಣೆಯಿದೆ. ತಂಗಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ, ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ನಿನ ಮಹಿಳೆಯರನ್ನು ಕಟ್ಟಿಕೊಂಡು ನಿಧಿ ಕೂಡಿಸಿ ಮದ್ರಾಸಿನ ಅಡ್ಯಾರ್‌ನಲ್ಲಿ ಕ್ಯಾನ್ಸರ್ ಸಂಸ್ಥೆ ಕಟ್ಟಿದರು. 1952ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1954ರಲ್ಲಿ ಅದು 12 ಹಾಸಿಗೆಗಳೊಂದಿಗೆ ಆರಂಭವಾಯಿತು. ಮುಂದೆ ಡಾ. ವಿ. ಶಾಂತಾ ಅಲ್ಲೇ ಬದುಕು ಸವೆಸಿ, 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಟೆರಿ ಫಾಕ್ಸ್ ಓಟ ಮುಂಬೈ, ಚೆನ್ನೈಗಳಲ್ಲೂ ನಡೆದಿದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10ಕೆ ಓಟದಲ್ಲಿ ಸಾಮಾನ್ಯ ಓಟಗಾರರೂ ತಮಗೆ ಒಪ್ಪಿದ ಸೇವಾಸಂಸ್ಥೆಗಾಗಿ ಗೆಳೆಯರಿಂದ ಹಣ ಕೂಡಿಸುವ ಪದ್ಧತಿ ಬೆಳೆದಿದೆ. ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೊಂಡಿಯೊಂದನ್ನು ಹಾಕಿ ಕೈಕಟ್ಟಿ ಕುಳಿತವರಿಗೆ ಬರುವುದು ಹೆಬ್ಬೆರಳಿನ ಚಿತ್ರಗಳು. ಒಬ್ಬೊಬ್ಬರ ಮೇಜಿನ ಬಳಿಗೂ ಹೋಗಿ, ಹೆಸರು ಹಿಡಿದು, ಮೊತ್ತ ಹೇಳಿ ಕೇಳಿದವರಿಗೆ ಬರುವುದು ಹಣ.

ಒಬ್ಬ ಮುಂದಾಳು ಎಷ್ಟು ಕೂಡಿಸಿದ ಎಂಬುದರಿಂದ ಅವನ ಕಸುಬನ್ನು ಅಳೆಯಲಾಗದು. ಅವನಿಲ್ಲದಾಗ ಏನಾಯಿತು ಎಂದು ನೋಡಬೇಕು. ಟೆರಿ ಜೂನ್‌ನಲ್ಲಿ ತೀರಿಕೊಂಡ, ಸೆಪ್ಟೆಂಬರ್‌ನಲ್ಲಿ 760 ಊರುಗಳು ಓಡಿದವು. ಅದಕ್ಕೇ ಅನುಭವಸ್ಥರು ಓಟ ಮುಗಿದ ಬೆನ್ನಿಗೇ ಎರಡು ಕೆಲಸ ಮಾಡುತ್ತಾರೆ. ಕೊಟ್ಟವರಿಗೆಲ್ಲ ಎಷ್ಟು ಸೇರಿತು, ಎಲ್ಲಿಗೆ ಹೋಯಿತು ಎಂದು ತಿಳಿಸಿ ಕೃತಜ್ಞತೆಯ ಪತ್ರ ಬರೆಯುತ್ತಾರೆ. ಅನುಮತಿಪತ್ರಗಳ ಪ್ರತಿ, ಫೋನ್ ನಂಬರು, ಯಾವ ಅಂಗಡಿಯವರು ನೀರು ಕೊಟ್ಟರು, ಯಾವ ತಿರುವಿನಲ್ಲಿ ಜನ ದಾರಿ ತಪ್ಪಿದರು ಎಂಬುದನ್ನೆಲ್ಲ ಒಂದು ಕಡತಕ್ಕೆ ಸೇರಿಸಿ, ಮುಂದಿನ ವರ್ಷ ನಡೆಸಬಲ್ಲ ಇನ್ನೊಬ್ಬರ ಕೈಗೆ ಕೊಡುತ್ತಾರೆ. ತಾನಿಲ್ಲದಿದ್ದರೆ ಇದು ನಡೆಯುವುದಿಲ್ಲ ಎಂದು ಹೆಮ್ಮೆಪಡುವವರು ಚೆನ್ನಾಗಿ ದುಡಿದಿರಬಹುದು, ಕಸುಬು ಇನ್ನೂ ಅವರ ಕೈಗೆ ಹತ್ತಿಲ್ಲ.